ಹುಳುವಿಗೆ ಸಿಕ್ಕ ರಜೆ

ಮುಳಬಾಗಿಲು, 14 ಜುಲೈ 1983, ಗುರುವಾರ

ಸಮಸ್ತ ಲೋಕಕ್ಕೂ ತಿಳಿಯಪಡಿಸುವುದೇನೆಂದರೆ, ಇಂದು ನಾನು ತಳ ಹತ್ತಿಸದೆ ಗಂಜಿ ಕಾಯಿಸಿದೆ. ಹೆಂಡತಿ ಗಂಗರತ್ನಳಿಗೆ ತಾಯಿಯಿಲ್ಲ, ನನ್ನಮ್ಮನಿಗೆ ಕಣ್ಣು ಕಾಣದು. ಹೆರಿಗೆಯಾದ ಮೇಲೆ ಇವಳ ಬಾಣಂತನಕ್ಕೆ ಇರೋನು ನಾನೊಬ್ಬನೇ.

ಅದಕ್ಕೇ ಹದಿನೈದು ದಿನ ಸಂಬಳದ ರಜೆ ಕೇಳಿದ್ದು. ಆಫೀಸಿನ ಮ್ಯಾನೇಜರ್ ಶ್ರೀರಾಮಪ್ಪನವರು ಕನ್ನಡಕ ತೆಗೆದು ನನ್ನ ಹೊಟ್ಟೆಯನ್ನೇ ನೋಡಿದರು.

"ಹೆರೋಳು ಅವಳು. ನಿಂಗ್ಯಾಕಪ್ಪಾ ರಜೆ?"

ಮೊನ್ನೆ ಗುಮಾಸ್ತ ಬಚ್ಚಪ್ಪ, "ಮನೇಲಿ ರೇಷ್ಮೆಹುಳು ಹಣ್ಣಾಗಿದೆ ಸಾರ್, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡಬೇಕು" ಅಂದಾಗ ಇವರೇ ಐದು ದಿನ ಸಂಬಳದ ರಜೆ ಕೊಟ್ಟು, "ಚಂದ್ರಿಕೆ ಸಾಕಾ, ನಮ್ಮನೇದು ಕಳಿಸ್ಲಾ?" ಅಂತ ಅಕ್ಕರೆಯಿಂದ ವಿಚಾರಿಸಿದ್ದರು.

ಕುತೂಹಲ ತಡೆಯಲಾರದೆ ಕೇಳಿದೆ. "ನಿಮ್ಮ ಮಗ ಹುಟ್ಟಿದಾಗ ನೀವೇನ್ ಮಾಡ್ತಿದ್ರಿ ಸಾರ್?"

ಅವರು ಪಂಚೆಯಂಚಿನಲ್ಲಿ ಕನ್ನಡಕ ಒರೆಸಿದರು. "ಆಡಿಟ್ ಇತ್ತು ಕಣಯ್ಯ. ಐದು ತಿಂಗಳಾದ್ಮೇಲೆ ತವರಿಂದ ಕರ್ಕೊಂಡು ಬಂದ್ರು. ನಾನು ಎತ್ಕೊಂಡ್ರೆ ಅಳ್ತಿದ್ದ."

ಆಮೇಲೆ ಕನ್ನಡಕ ಹಾಕಿಕೊಂಡು, "ಇಂಥ ರಜೆ ರೂಲ್ಸಲ್ಲಿಲ್ಲ. ಅಪ್ಪ ಆಗೋರಿಗೆಲ್ಲ ಬೇಕು ಅಂತ ಬರ್ಕೊಡು, ಶಿಫಾರಸು ಮಾಡಿ ಕೋಲಾರದ ಹೆಡ್ಡಾಫೀಸಿಗೆ ಕಳಿಸ್ತೀನಿ" ಅಂದರು.

ಬರೆದುಕೊಟ್ಟೆ. ಜವಾಬು ಬರಲು ಎಂಟು ದಿನವಂತೆ. ದಾದಿಯ ಲೆಕ್ಕದಲ್ಲಿ ಹೆರಿಗೆಗೆ ಇರೋದು ಐದೇ ದಿನ. ಗಂಗಾ, ನಾನಿಲ್ಲದಾಗ ನೀನು ಈ ಡೈರಿ ಓದುತ್ತೀಯ ಅಂತ ಗೊತ್ತು. ಒಂದು ಉಪಕಾರ ಮಾಡೇ. ಹೊಟ್ಟೆಯೊಳಗಿರೋರಿಗೆ ಮುಂದಿನ ವಾರದ ಶುಕ್ರವಾರ ಜವಾಬು ಬರೋ ತನಕ ಸ್ವಲ್ಪ ತಡ್ಕೊಳ್ಳೋಕೆ ಹೇಳು.