ಅವಸರಂ ಲೇದು

ನೆಲ್ಲೂರು
೧೩ ಫೆಬ್ರವರಿ ೧೯೮೩

ಪ್ರೀತಿಯ ಅಕ್ಕ, ಮಾಧವಿ ಚೇಚಿ,

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಯಜಮಾನರು ಚೆನ್ನಾಗಿದ್ದಾರೆ. ನೀನೇನಾದರೂ ಹರಕೆ ಹೊತ್ತಿದ್ದರೆ ನಿಶ್ಚಿಂತೆಯಿಂದ ತೀರಿಸು.

ಹೊಟ್ಟೆನೋವೆಂದು ಆಸ್ಪತ್ರೆಗೆ ಸೇರಿಸಿದ್ದನ್ನು ಬರೆದಿದ್ದೆನಲ್ಲ. ಮೂರನೆಯ ದಿನ ಡಾಕ್ಟರು ವರಾಂಡದಲ್ಲಿ ನನ್ನನ್ನು ಕಂಡು, "ಆಪರೇಷನ್ ಅವಸರಂ ಲೇದು" ಎಂದು ಹೇಳಿ ಹೊರಟೇಹೋದರು. ನಾವಿಲ್ಲಿ ಚಹಾದಂಗಡಿ ಇಟ್ಟು ಐದೇ ತಿಂಗಳು. ನನಗೆ ಬರುವ ತೆಲುಗು ಹಾಲು, ಸಕ್ಕರೆಯಷ್ಟೇ. ಲೇದು ಎಂದರೆ ಇಲ್ಲ, ಅದು ಗೊತ್ತು. ಅವಸರಂ ಎಂದರೆ ನಮ್ಮ ಮಲಯಾಳದಲ್ಲಿ ಅವಕಾಶ ತಾನೇ? ಆಪರೇಷನ್ನಿಗೂ ಅವಕಾಶವಿಲ್ಲ, ಕೈಮೀರಿದೆ ಎಂದುಕೊಂಡು ಅಲ್ಲೇ ಕುಳಿತು ಅಳತೊಡಗಿದೆ.

ಪಕ್ಕದ ಮಂಚದ ಹುಡುಗನ ತಾಯಿ, ಮಧುರೆಯ ಪೊನ್ನಮ್ಮಾಳ್, ಓಡಿಬಂದಳು. "ಯಾಕಮ್ಮಾ ಅಳ್ತೀಯ? ಆತುರ ಇಲ್ಲ ಅಂದ್ರು ಅಷ್ಟೇ. ನಿಧಾನಕ್ಕೆ ಕೊಯ್ತಾರೆ ಬಿಡು!" ಅವಳ ತಮಿಳಿನಲ್ಲಿ ಅವಸರವೆಂದರೆ ಆತುರವಂತೆ. ನಿಧಾನಕ್ಕೆ ಕೊಯ್ಯುವ ಮಾತು ಕೇಳಿ ನನ್ನ ಅಳು ಇನ್ನೂ ಜೋರಾಯಿತು.

ಕೊನೆಗೆ ನಮ್ಮ ಪಾಲಾ ಕಡೆಯ ಮಲಯಾಳಿ ನರ್ಸ್ ಏಲಿಕುಟ್ಟಿ ಬಿಡಿಸಿ ಹೇಳಿದಳು. "ಅಯ್ಯೋ ಚೇಚಿ, ತೆಲುಗಲ್ಲಿ ಅವಸರಂ ಅಂದ್ರೆ ಅಗತ್ಯ. ಆಪರೇಷನ್ನೇ ಬೇಕಾಗಿಲ್ಲ! ಸಣ್ಣ ಕಲ್ಲು, ಚೆನ್ನಾಗಿ ನೀರು ಕುಡಿದ್ರೆ ತಾನೇ ಹೋಗತ್ತೆ." ಅವಳ ಕೈ ಹಿಡಿದುಕೊಂಡೇ ನಕ್ಕೆ. ಮೂರು ದಿನದ ಹಸಿವು ಒಟ್ಟಿಗೆ ಬಂತು ನೋಡು.

ಈ ಗೊಂದಲದಲ್ಲಿ ವಿಲಾಸಿನಿಗೆ ತಂತಿ ಹೋಗಿಬಿಟ್ಟಿತು: 'ಅಪ್ಪನ ಸ್ಥಿತಿ ಗಂಭೀರ, ಕೂಡಲೇ ಬಾ.' ಕ್ರೈಸ್ತರ ಹುಡುಗ ಜೋಸುಕುಟ್ಟಿಯನ್ನು ಮದುವೆಯಾಗಿ ಇಗರ್ಜಿ ಸೇರಿದಳೆಂದು ನಾಲ್ಕು ವರ್ಷ ಮಗಳ ಹೆಸರೆತ್ತದ ಮನುಷ್ಯ ಇವರು. ಗುರುವಾರ ಬೆಳಿಗ್ಗೆ ಅವಳು ಗಂಡನೊಂದಿಗೆ ಅಳುತ್ತ ವಾರ್ಡಿಗೆ ನುಗ್ಗಿದಾಗ ಇವರು ಮಂಚದ ಮೇಲೆ ಕುಳಿತು ಇಡ್ಲಿ ತಿನ್ನುತ್ತಿದ್ದರು. ಅವಳ ಅಳು ಗಕ್ಕನೆ ನಿಂತಿತು. ಇವರೂ ಬಾಯಿಯ ತುತ್ತು ನುಂಗದೆ ಹಾಗೇ ನೋಡಿದರು.

ಆಮೇಲೆ ತಟ್ಟೆಯನ್ನು ಅವಳತ್ತ ಸರಿಸಿ, "ಹೀಗೆ ಸೊರಗಿದ್ದೀಯಲ್ಲೇ, ಇವನು ಅನ್ನ ಹಾಕಲ್ವಾ?" ಎಂದರು.

"ಅಡುಗೆ ಮಾಡೋದೇ ನಾನು, ಅಪ್ಪಾ," ಎಂದ ಜೋಸುಕುಟ್ಟಿ.

"ಹಾಗನ್ನು, ಅದಕ್ಕೇ ಈ ಗತಿ!"

ಪೊನ್ನಮ್ಮಾಳಿಗೆ ಏನು ಅರ್ಥವಾಯಿತೋ, ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು.

ನಿನ್ನೆ ಮನೆಗೆ ಬಂದೆವು. ವಿಷು ಹಬ್ಬಕ್ಕೂ ಬರಬೇಕೆಂದು ಅಳಿಯನಿಗೆ ಇವರೇ ಹೇಳಿದ್ದಾರೆ. ನೀನೂ ಬಾ.

ನಿನ್ನ ತಂಗಿ,
ಕಾರ್ತ್ಯಾಯನಿ

ಹೇಳದಿದ್ದರೆ ನಿದ್ದೆ ಬಾರದು: ಏಲಿಕುಟ್ಟಿ ಅರ್ಥ ಹೇಳಿದ್ದು ಸೋಮವಾರ ಸಂಜೆ. ನಾನು ತಂತಿ ಕೊಟ್ಟಿದ್ದು ಮಂಗಳವಾರ ಬೆಳಿಗ್ಗೆ. ಓದಿದ ಮೇಲೆ ಕಾಗದವನ್ನು ಒಲೆಗೆ ಹಾಕು.