ಪಡ್ಡಿನ ಕಾವಲಿಯ ರಿವೀಟು

ಶ್ರೀ ಕಾಳಿಕಾಂಬಾ ಪ್ರಸನ್ನ

ತೊಣ್ಣೂರು
ಮಂಗಳವಾರ, ೫-೧೧-೧೯೯೬

ಜಯಲಕ್ಷ್ಮಿಗೆ,

ಹೆಸರು ಬರೆದು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ. ಮದುವೆಯಾದಾಗಿನಿಂದ ನಿನ್ನನ್ನು ‘ಲೇ’, ‘ಇವಳೇ’, ‘ಕೇಳಿಸ್ತಾ’ ಅಂತ ಕೂಗಿದ್ದೇನೆಯೇ ಹೊರತು ಹೆಸರು ಹಿಡಿದು ಕರೆದವನಲ್ಲ. ಕಾಗದದಲ್ಲಿ ‘ಲೇ’ ಅಂತ ಬರೆಯುವುದು ಹೇಗೆ? ನಿಮ್ಮಣ್ಣನ ಮನೆಯಲ್ಲಿ ಯಾರಾದರೂ ಇದನ್ನು ನೋಡಿ ನಕ್ಕರೆ ನಗಲಿ ಬಿಡು. ನಗಿಸಿಕೊಳ್ಳುವಂಥ ಕೆಲಸ ನಾನು ಬೇಕಾದಷ್ಟು ಮಾಡಿದ್ದೇನೆ.

ಅಣ್ಣ, ಅತ್ತಿಗೆ, ಮಕ್ಕಳೆಲ್ಲ ಆರೋಗ್ಯವೇ? ನಿನ್ನ ಮಂಡಿನೋವು ಹೇಗಿದೆ? ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಆಯುಧಪೂಜೆಗೆ ಮುಂಚೆಯೇ ಇನ್‌ಲ್ಯಾಂಡ್ ಲೆಟರು ತಂದಿಟ್ಟಿದ್ದೆ. ಮೊದಲು, ಹೋದವಳು ತಾನೇ ಬರಲಿ ಅಂತ ಹಟ. ಆಮೇಲೆ, ಏನಂತ ಬರೆಯುವುದು ಅಂತ ನಾಚಿಕೆ. ಕಡೆಗೆ ಅದರ ಮೇಲೆ ಹಾಲಿನ ಲೋಟ ಇಟ್ಟು ಅದೂ ಹಾಳಾಯಿತು.

ನಾನು ಚೆನ್ನಾಗಿದ್ದೇನೆ. ಮುದ್ದೆ ಗಂಟಾಗುತ್ತದೆ, ಅಷ್ಟೆ. ಹಸು ಮಾತ್ರ ನನಗೆ ಕಾಲು ಝಾಡಿಸುತ್ತದೆ, ಪಕ್ಕದ ಮನೆ ಚಿಕ್ಕಬೋರಮ್ಮ ಬಂದು ಹಾಲು ಕರೆದುಕೊಡುತ್ತಾಳೆ. ದಿನಾ ಕರೆಯುತ್ತಾ ಕೂತಾಗ, ‘ಅಣ್ಣಯ್ಯ, ಅತ್ಗೆ ಯಾವತ್ ಬತ್ತಾರೆ?’ ಅಂತ ಕೇಳುವುದು. ‘ಬತ್ತಾಳೆ ಬುಡವ್ವ’ ಅನ್ನುವುದು ನಾನು. ನಿನ್ನೆ ಅವಳು ಮುಖ ಎತ್ತದೆ, ‘ನೀವು ಕರೀದೆ ಎಂಗ್ ಬತ್ತಾರೆ?’ ಅಂದಳು. ನಾನು ಹಸುವಿಗೆ ಬೈದೆ.

ಈಗ ನಿನಗೆ ಗೊತ್ತಿರುವ ಕಥೆಯನ್ನೇ ಮೊದಲಿಂದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಡೆದದ್ದನ್ನು ನಡೆದ ಹಾಗೆ ನನ್ನ ಕೈಯಿಂದ ಒಂದು ಸಲ ಬರೆಯಬೇಕು ಅನಿಸಿದೆ. ಇಷ್ಟು ದಿನ ಬೇಕಾದ್ದನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ.

ಟಿವಿ ಧಾರಾವಾಹಿಯವರು ನಮ್ಮ ಕೆರೆ ದಂಡೆಯ ಮೇಲೆ ಕೋಟೆ ಎಬ್ಬಿಸೋಕೆ ಬಂದರಲ್ಲ, ಅವರ ಸೆಟ್ಟಿನ ಉಸ್ತುವಾರಿ, ಶ್ರೀರಂಗಪಟ್ಟಣದ ತಿಮ್ಮರಾಜು, ನಮ್ಮ ಕುಲುಮೆ ಹುಡುಕಿಕೊಂಡು ಬಂದ ದಿನ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಎತ್ತಿನಗಾಡಿಗಳೆಲ್ಲ ರಬ್ಬರ್ ಟೈರಿಗೆ ತಿರುಗಿದ ಮೇಲೆ ನಮ್ಮ ಹತ್ತಿರ ಚಕ್ರಕ್ಕೆ ಪಟ್ಟಿ ಕಟ್ಟಿಸಲು ಬರುವವರು ಯಾರಿದ್ದರು? ಕುಡುಗೋಲು ತಟ್ಟಿಕೊಡುವುದು ಬಿಟ್ಟರೆ ಕೆಲಸವಿರಲಿಲ್ಲ. ಕೋಟೆ ಬಾಗಿಲಿಗೆ ಗುಂಡು ತಲೆಯ ರಿವೀಟು, ಬೋಲ್ಟು ಬೇಕು ಅಂದರು. ಕಾಯಿಸಿ ಬಡಿದು, ಮೂಟೆ ಕಟ್ಟಿ ಹೊತ್ತುಕೊಂಡು ಹೋದೆ. ಬಾಗಿಲು ನೋಡಿದರೆ ಪ್ಲೈವುಡ್ಡಿನದು! ಜಡಿಯುತ್ತಾ ಜಡಿಯುತ್ತಾ ನನ್ನ ಕಬ್ಬಿಣದ ಭಾರಕ್ಕೆ ಅದು ಮುಂದಕ್ಕೆ ವಾಲಿ ಮಕಾಡೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ತಿಮ್ಮರಾಜು ತಲೆ ಮೇಲೆ ಕೈ ಹೊತ್ತು, ‘ಆಚಾರ್ರೇ, ನಂಗೆ ಕಬ್ಬಿಣ ಬ್ಯಾಡ ಕಣ್ರೀ. ಕಬ್ಬಿಣ ಇದ್ದಂಗೆ ಕಂಡ್ರೆ ಸಾಕು’ ಅಂದರು.

ಮನೆಗೆ ಬಂದು ನಿನ್ನ ಮೇಲೆ ರೇಗಿದೆ. ಕಬ್ಬಿಣವಲ್ಲದ ರಿವೀಟು ಮಾಡೋಕೆ ನಾನೇನು ಬೊಂಬೆ ಮಾಡೋನಾ ಅಂತ ಕೂಗಾಡಿದೆ. ನೀನು ಮೊರಕ್ಕೆ ಬಳಿಯಲು ಹಳೇ ಪೇಪರು, ಮೆಂತ್ಯ ನೆನೆಸಿ ರುಬ್ಬುತ್ತಾ ಕೂತಿದ್ದೆ. ಎದ್ದು ಹೋಗಿ ನಿಮ್ಮವ್ವ ಕೊಟ್ಟ ಪಡ್ಡಿನ ಕಾವಲಿ ತಂದೆ, ಗುಳಿಗಳಿಗೆ ಹರಳೆಣ್ಣೆ ಸವರಿದೆ, ಆ ರುಬ್ಬಿದ ಹಿಟ್ಟನ್ನು ಒತ್ತಿ ಬಿಸಿಲಿಗಿಟ್ಟೆ. ಸಂಜೆ ಕವುಚಿ ತಟ್ಟಿದರೆ ಅರ್ಧ ನಿಂಬೆಹಣ್ಣಿನ ಹಾಗೆ ರಿವೀಟಿನ ತಲೆಗಳು ಉದುರಿದವು. ಅದಕ್ಕೆ ಮಸಿ, ಬೆಳ್ಳಿ ಬಣ್ಣ ಬಳಿದದ್ದು ನಾನು. ಅಷ್ಟೇ ನನ್ನ ಪಾಲು.

ಬೋಲ್ಟೂ ನಿನ್ನದೇ. ಹಿಟ್ಟನ್ನು ಚಪಾತಿಯ ಹಾಗೆ ದಪ್ಪಗೆ ಲಟ್ಟಿಸಿ, ಆರು ಮೂಲೆಗೆ ಕತ್ತರಿಸಿ ಒಣಗಿಸಿದೆ. ಆದರೆ ರಿವೀಟಿಗೆ ನೀನು ಮಾಡಿದ ಇನ್ನೊಂದು ಕೆಲಸ ಇದೆ, ಅದನ್ನೂ ಬರೆಯಬೇಕು. ಅರೆ ಒಣಗಿದ್ದನ್ನು ಒಂದೊಂದಾಗಿ ಅಂಗೈಲಿಟ್ಟುಕೊಂಡು ಹೆಬ್ಬೆರಳಿಂದ ಅಲ್ಲಲ್ಲಿ ಅಮುಕುತ್ತಿದ್ದೆ. ಇದೇನೇ ಹುಡುಗಾಟ ಅಂದೆ ನಾನು. ‘ನೀವು ಬಡದಂಗೆ ಕಾಣ್ಬೇಕಲ್ಲ? ಮೊದ್ಲೇಟು ನೆಟ್ಟಗೆ ಬೀಳ್ತದೆ. ಕೊನೇದು ಯಾವಾಗ್ಲೂವೆ ಎಡಕ್ಕೆ ವಾಲ್ತದೆ. ಒಲೆ ಮುಂದೆ ಕೂತು ಕೇಳ್ತಾನೆ ಇವ್ನಿ’ ಅಂದೆ ನೀನು. ನನ್ನ ಕೊನೇ ಏಟು ಎಡಕ್ಕೆ ವಾಲುತ್ತದೆ ಅಂತ ಗೊತ್ತಿದ್ದವರು ನಮ್ಮಪ್ಪ ಒಬ್ಬರೇ ಅಂದುಕೊಂಡಿದ್ದೆ. ಅವರು ಅದಕ್ಕೇ ನನಗೆ ಬೈಯುತ್ತಿದ್ದರು. ನೀನು ಅದನ್ನು ಕಿವಿಯಲ್ಲೇ ಕಲಿತು ಇಷ್ಟು ವರ್ಷ ಸುಮ್ಮನಿದ್ದೆ.

ಇಂಥವಳ ಕೆಲಸವನ್ನು ನಾನು ಒದ್ದೆ.

ಸಿಂಧಘಟ್ಟದ ಪುಟ್ಟಸ್ವಾಮಣ್ಣ ಬಂದ ದಿನ. ನಮ್ಮ ದೊಡ್ಡಪ್ಪನ ಮಗ ಅಂತ ಅವನ ಮುಂದೆ ನನಗೆ ಮೊದಲಿಂದಲೂ ಒಂದು ಅಳುಕು. ನಮ್ಮ ಕುಲದ ನಾಲ್ಕು ಜನರನ್ನು ಬೇರೆ ಕರೆದುಕೊಂಡು ಬಂದಿದ್ದ. ಜಗಲಿಯ ಮೇಲೆ ಮೊರದಲ್ಲಿ ಒಣಗಲಿಟ್ಟಿದ್ದ ರಿವೀಟು ತಗೊಂಡು ಎರಡು ಬೆರಳಲ್ಲಿ ಹಿಸುಕಿದ, ಪುಡಿಯಾಯಿತು. ‘ಏನ್ಲಾ ಕಾಳ, ಕುಲುಮೆ ಆರಿಸ್ಬುಟ್ಟು ಸಂಡಿಗೆ ಇಡ್ತಾ ಇದೀಯೇನ್ಲಾ?’ ಅಂದ. ಎಲ್ಲರೂ ನಕ್ಕರು. ‘ಥೂ, ಅದು ನಮ್ಮನೆ ಎಂಗಸಿನ ಉಚ್ಚಾಟ ಕಣಣ್ಣ. ನಾನ್ ಮುಟ್ಟಾಕಿಲ್ಲ’ ಅಂದುಬಿಟ್ಟೆ. ಅಂದದ್ದು ಸಾಲದು ಅಂತ ಮೊರ ಒದ್ದೆ. ಕಾವಲಿ ಎತ್ತಿ ಬೀದಿಗೆಸೆದೆ. ಕಲ್ಲಿಗೆ ಬಡಿದು ಅದರ ಹಿಡಿಯುವ ಕಿವಿ ಒಂದು ಮುರಿಯಿತು. ನೀನು ಬಾಗಿಲಲ್ಲೇ ನಿಂತಿದ್ದೆ. ಅವರು ಹೋಗುವವರೆಗೂ ಕಾದು, ಬೀದಿಗಿಳಿದು, ಚೆಲ್ಲಿದ್ದನ್ನೆಲ್ಲ ಸೆರಗಿಗೆ ಆಯ್ದುಕೊಂಡೆ. ಉಳಿದ ರಿವೀಟನ್ನೂ ಆ ಒಂಟಿ ಕಿವಿಯ ಕಾವಲಿಯಲ್ಲೇ ಮಾಡಿ ಮುಗಿಸಿದೆ. ನಾನು ಅವನ್ನು ಮೂಟೆ ಕಟ್ಟಿ ತಿಮ್ಮರಾಜುಗೆ ಕೊಟ್ಟು ಬಂದೆ, ಏನೂ ಆಗದವನ ಹಾಗೆ.

ಅವತ್ತಿನದು ತಪ್ಪಾಯಿತು. ನಿಮ್ಮವ್ವನ ಕೈ ಮುಟ್ಟಿದ ವಸ್ತು, ಬೀದಿಗೆ ಎಸೆಯಬಾರದಿತ್ತು.

ನೀನು ಹೋದ ಮೇಲೆ ತಿಮ್ಮರಾಜು ಇನ್ನೊಂದು ಸಣ್ಣ ಬಾಗಿಲಿಗೆ ರಿವೀಟು ಕೇಳಿದರು. ನಾನೇ ಮಾಡೋಕೆ ಕೂತೆ. ಮೆಂತ್ಯ ಜಾಸ್ತಿಯಾಗಿ ಗುಳಿಗೆ ಅಂಟಿತು. ಕಡಿಮೆ ಹಾಕಿದರೆ ಬಿರುಕು ಬಿಟ್ಟಿತು. ಹೆಬ್ಬೆರಳಿಟ್ಟು ನನ್ನ ಏಟಿನ ಗುರುತು ಮಾಡೋಕೆ ಹೋದರೆ, ನನಗೇ ಅದು ಬರಲಿಲ್ಲ ಕಣೇ. ಕೋಳಿಗಳು ಬಂದು ಕುಕ್ಕಿ ಚೆಲ್ಲಾಪಿಲ್ಲಿ ಮಾಡಿದವು, ಓಡಿಸಲೂ ಇಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ. ಆರಿಹೋಗಿದ್ದ ಕುಲುಮೆಗೆ ಇದ್ದಿಲು ಹಾಕಿ ತಿದಿ ಒತ್ತಿದೆ. ಕಾವಲಿಗೆ ತೂತು ಕೊರೆದು, ಹೊಸ ಕಿವಿ ಬಡಿದು, ಕೆಂಪಗೆ ಕಾದ ರಿವೀಟು ಹಾಕಿ ಕೂರಿಸಿದೆ. ಎರಕದ ಕಬ್ಬಿಣ, ಜೋರಾಗಿ ಬಡಿದರೆ ಸೀಳುತ್ತದೆ. ಜೀವನದಲ್ಲಿ ಅಷ್ಟು ಮೆಲ್ಲಗೆ ಯಾವತ್ತೂ ಬಡಿದಿರಲಿಲ್ಲ. ಕೊನೇ ಏಟು ಎಡಕ್ಕೇ ವಾಲಿದೆ, ನೋಡು. ಪ್ಲೈವುಡ್ ಬಾಗಿಲು ಬಿದ್ದ ಮೇಲೆ ನಾನು ಬಡಿದ ನಿಜವಾದ ರಿವೀಟು ಅದೊಂದೇ. ನಾಗಮಂಗಲದ ಬಸ್ಸಿನ ಕಂಡಕ್ಟರು ಹೊನ್ನಪ್ಪನ ಕೈಲಿ ಕಾವಲಿಯನ್ನೂ ಈ ಕಾಗದವನ್ನೂ ಕಳಿಸುತ್ತಿದ್ದೇನೆ. ಅದರಲ್ಲಿ ಪಡ್ಡು ಸುಡುತ್ತೀಯೋ ರಿವೀಟು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ಆಯುಧಪೂಜೆಯಲ್ಲಿ ಕಾಳಮ್ಮನ ಪಟದ ಮುಂದೆ ಸುತ್ತಿಗೆ, ಇಕ್ಕಳದ ಪಕ್ಕದಲ್ಲಿ ಈ ಕಾವಲಿಯನ್ನೂ ಇಟ್ಟು ಕುಂಕುಮ ಹಚ್ಚಿದೆ. ಅದನ್ನೂ ತಿಳಿಸಬೇಕು ಅನಿಸಿತು.

ದೀಪಾವಳಿಗೆ ನೀರು ತುಂಬುವ ಹಂಡೆ ಹುಣಸೆಹಣ್ಣು ಹಾಕಿ ಬೆಳಗಿಟ್ಟಿದ್ದೇನೆ, ನಿನ್ನಷ್ಟು ಹೊಳಪು ಬರಲಿಲ್ಲ. ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಮಕ್ಕಳಿಗೆ ಆಶೀರ್ವಾದ. ಕಾಳಮ್ಮ ನಿನ್ನ ಮಂಡಿನೋವು ಕಳೆದು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಮನೆಯವನು,
ಕಾಳಪ್ಪ

ಮತ್ತೆ: ಕಾಗದ ಮಡಿಸಿ ಕಾವಲಿಯ ಜೊತೆ ಬಟ್ಟೆಯಲ್ಲಿ ಕಟ್ಟಿದ್ದೆ. ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜವೇ. ಆದರೆ ನೀನು ಮನೆ ಬಿಟ್ಟು ಹೋದದ್ದು ಅದಕ್ಕಲ್ಲ. ಅದು ಗೊತ್ತಿದ್ದೂ ಕಾವಲಿಯ ತಪ್ಪು ಒಪ್ಪಿಕೊಂಡು ಜಾರಿಕೊಳ್ಳೋಣ ಅಂತ ನೋಡಿದೆ. ಎಂಥ ಜನ್ಮ ನನ್ನದು!

ನೀನು ಹೋಗುವ ಹಿಂದಿನ ದಿನ, ಭಾನುವಾರ, ಕೆಂಪಣ್ಣಗೌಡರ ಮನೆಯಲ್ಲಿ ಊರವರೆಲ್ಲ ಟಿವಿ ಮುಂದೆ ಕೂತಿದ್ದೆವು. ಕೋಟೆ ಬಾಗಿಲು ತೆರೆ ತುಂಬ ಬಂತು. ‘ಅದು ನಮ್ ಕಾಳಪ್ಪಾಚಾರಿ ಕೆಲ್ಸ ಕಣ್ರಲಾ!’ ಅಂತ ಗೌಡರು ಕೂಗಿದರು, ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ತಿಮ್ಮರಾಜು, ‘ಆ ಸುತ್ತಿಗೆ ಏಟಿನ ಗುರುತು ಎಂಗ್ ತಂದ್ರಿ ಆಚಾರ್ರೇ?’ ಅಂತ ಕೇಳಿದರು. ನೀನು ಗೌಡರ ಹೆಂಡತಿ ಮಾಯಮ್ಮನವರ ಜೊತೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನನ್ನನ್ನೇ ನೋಡುತ್ತಿದ್ದೆ. ನಾನೂ ನಿನ್ನನ್ನು ನೋಡಿದೆ. ನೋಡಿಕೊಂಡೇ, ‘ಮೂವತ್ತು ವರ್ಸದ ಕೈ ಸ್ವಾಮಿ, ಸುಮ್ನೆ ಬತ್ತದಾ?’ ಅಂದೆ.

ನಗುವವರ ಮುಂದೆ ನಿನ್ನದು ಅಂದವನು, ಹೊಗಳುವವರ ಮುಂದೆ ನನ್ನದು ಅಂದೆ. ನೀನು ಮನೆಗೆ ಬಂದು ನನಗೆ ಊಟ ಬಡಿಸಿದೆ. ಬೆಳಿಗ್ಗೆ, ‘ಅಣ್ಣನ ಮನೆಗೆ ಓಯ್ತೀನಿ’ ಅಂದು ಬಸ್ಸು ಹತ್ತಿದೆ. ಬೈದಿದ್ದರೆ ಚೆನ್ನಾಗಿತ್ತು.

ಪೂಜೆಯ ಮಾತೂ ಪೂರ್ತಿ ಬರೆದಿಲ್ಲ. ಕಾವಲಿಗೆ ಕುಂಕುಮ ಹಚ್ಚುವಾಗ ಕುಲುಮೆಯ ಬಾಗಿಲು ಹಾಕಿಕೊಂಡಿದ್ದೆ. ಚಿಕ್ಕಬೋರಮ್ಮ ಪ್ರಸಾದಕ್ಕೆ ಬಂದು ಬಾಗಿಲು ತಟ್ಟಿದಾಗ ಅದರ ಮೇಲೆ ಟವೆಲ್ ಮುಚ್ಚಿದೆ.

ಬರುವ ಶುಕ್ರವಾರ ಸೆಟ್ಟು ಬಿಚ್ಚುತ್ತಾರೆ. ಅದಕ್ಕೆ ಮುಂಚೆ ಆ ಬಾಗಿಲ ಮುಂದೆ ಕಾಯಿ ಒಡೆದು, ಕೆಲಸ ಮಾಡಿದವರಿಗೆಲ್ಲ ಶಾಲು ಹೊದಿಸುತ್ತಾರಂತೆ. ನನ್ನ ಹೆಸರೂ ಕೂಗುತ್ತಾರೆ. ಊರವರೆಲ್ಲ ಇರುತ್ತಾರೆ. ಪುಟ್ಟಸ್ವಾಮಣ್ಣನಿಗೂ ಬಾ ಅಂತ ಹೇಳಿ ಕಳಿಸಿದ್ದೇನೆ. ಅವನ ಎದುರಿಗೇ, ಆ ಕೆಲಸ ನಿನ್ನದು ಅಂತ ನಿನ್ನ ಹೆಸರು ಹಿಡಿದು ಹೇಳಬೇಕು ಅಂತಿದ್ದೇನೆ. ಆದರೆ ಜನರ ಮುಂದೆ ನನ್ನ ನಾಲಿಗೆ ಹೇಗೆ ತಿರುಗುತ್ತದೆ ಅಂತ ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದಕ್ಕೇ ನನ್ನ ಮಾತು ನಂಬು ಅಂತ ಬರೆಯುವುದಿಲ್ಲ. ಅವತ್ತು ಹೊನ್ನಪ್ಪನಿಗೆ ರಜ, ನೋಡೋಕೆ ಬರುತ್ತಾನೆ. ಶನಿವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಅವನನ್ನು ಕೇಳು. ‘ಹೇಳಿದರು ಕಣಕ್ಕ’ ಅಂತ ಅವನ ಬಾಯಲ್ಲಿ ಬಂದರೆ ಅದೇ ಬಸ್ಸಿಗೆ ಹತ್ತು. ಅವನು ಏನೂ ಹೇಳದೆ ಶಾಲಿನ ಮಾತೆತ್ತಿದರೆ, ನೀನು ಬರಬೇಡ.