‘ಒಳಗೆ’ ಎಂಬ ಕಾಲಂ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 7.20

ಎರಡನೇ ಪಂಪಿನ ಬೇರಿಂಗ್ ಮತ್ತೆ ಕಿರ್ ಅನ್ನುತ್ತಿದೆ. ಗ್ರೀಸ್ ಹಾಕಿದೆ. ಪ್ರೆಷರ್ ಸರಿ. ಏಳು ಗಂಟೆಯ ರೀಡಿಂಗ್ ಬರೆದು, ಚಹಾ ಆರುವ ಮೊದಲೇ ಹಳೇ ಪೈಪಿನ ಹತ್ತಿರ ಹೋಗಿ ಕ್ಯಾಮೆರಾದ ಕಾರ್ಡ್ ತಂದೆ.

ಹದಿನೆಂಟು ವರ್ಷ ಪಂಪ್‌ಹೌಸ್ ನೋಡಿಕೊಂಡವಳಿಗೆ ಇದೊಂದು ಹೊಸ ಡ್ಯೂಟಿ. ಟ್ಯಾಂಕಿನಿಂದ ಕೆರೆಗೆ ಹೋಗುವ ಹಳೇ ಓವರ್‌ಫ್ಲೋ ಪೈಪು ಈಗ ಕೆಲಸಕ್ಕಿಲ್ಲ. ಆದರೆ ಕೆರೆ ತುಂಬಿದಾಗ ಕೊಳಕು ನೀರು ಅದರಲ್ಲಿ ಹಿಂದಕ್ಕೆ ಬರುತ್ತದೆ. ಪೈಪಿನ ಬಾಯಿಗೆ ಗೋಡೆ ಕಟ್ಟಬೇಕು. ಅಷ್ಟರಲ್ಲಿ ನಮ್ಮ ವಾಚ್‌ಮನ್, ಬಾಯಿ ಮುಚ್ಚದ ಕಾರಣ ಎಲ್ಲರೂ ‘ರೇಡಿಯೋ’ ಅನ್ನುತ್ತೇವೆ, ಪೈಪಿನಿಂದ ನೀರುನಾಯಿ ಹೊರಬಂದದ್ದನ್ನು ಕಂಡೆ ಅಂತ ಸುದ್ದಿ ಎಬ್ಬಿಸಿದ. ಎಂಜಿನಿಯರ್ ಈ ಕ್ಯಾಮೆರಾ ತಂದು ಕೊಟ್ಟರು. ಎದುರಿಗೆ ಏನಾದರೂ ಓಡಾಡಿದರೆ ತಾನಾಗಿ ಫೋಟೋ ತೆಗೆಯುತ್ತದಂತೆ.

“ಜೀವ ಇರೋದನ್ನ ಒಳಗಿಟ್ಟು ಗೋಡೆ ಕಟ್ಟೋದು ನನ್ನಿಂದ ಆಗಲ್ಲ ಮೇಡಂ. ಒಂದು ವಾರ ನೋಡಿ, ಏನು ಅಂತ ಬರೆದುಕೊಡಿ,” ಅಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು. ಒಳ್ಳೆಯ ಮನುಷ್ಯ.

ರಿಜಿಸ್ಟರಿನಲ್ಲಿ ಎರಡು ಕಾಲಂ ಹಾಕಿದ್ದೇನೆ. ಹೊರಗೆ. ಒಳಗೆ.

ಇವತ್ತು ಹೊರಗೆ: 3. ಸಾಲಾಗಿ ಮೂರು ನೀರುನಾಯಿ! ಚಪ್ಪಟೆ ತಲೆ, ದಪ್ಪ ಬಾಲ, ಮುಖದ ತುಂಬ ಮೀಸೆ. ನನ್ನ ಪಂಪಿನಿಂದ ಇನ್ನೂರು ಹೆಜ್ಜೆ ದೂರದಲ್ಲಿ ಇವು ಸಂಸಾರ ಮಾಡುತ್ತಿದ್ದವು, ನನಗೆ ಗೊತ್ತೇ ಇಲ್ಲ.

ಒಳಗೆ: ಏನೂ ಇಲ್ಲ.

ಫೆಬ್ರವರಿ 5, ಬುಧವಾರ

ಹೊರಗೆ: 3. ಒಳಗೆ: ಇಲ್ಲ. ನಿನ್ನೆಯೂ ಹಾಗೇ. ಬೆಳಗಾದ ಕೂಡಲೇ ಮೂರೂ ಹೊರಡುತ್ತವೆ, ಕೆರೆಗೆ ಇಳಿಯುತ್ತವೆ. ವಾಪಸ್ ಬಂದ ಒಂದೇ ಒಂದು ಫೋಟೋ ಇಲ್ಲ.

“ದಿನಾ ಮೂರು ಹೊರಗೆ ಬರ್ತಾವೆ, ಒಂದೂ ಒಳಗೆ ಹೋಗಲ್ಲ ಅಂದ್ರೆ ಒಳಗೆ ಎಷ್ಟಿರಬೇಕು ಮೇಡಂ? ಗೋಡೌನೇ ಇರಬೇಕು!” ಅಂತ ರೇಡಿಯೋ ಹಲ್ಲು ಕಿರಿದ. ತಲೆಹರಟೆ.

ಆದರೂ ತಲೆ ಕೆರೆದುಕೊಳ್ಳುತ್ತಿದ್ದೇನೆ.

ಫೆಬ್ರವರಿ 8, ಶನಿವಾರ

ಹೊಳೆಯಿತು. ಎಷ್ಟು ಸುಲಭ! ನಾವು ದಿನಾ ನೋಡುವುದೇ. ನೀರು ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ. ಪೈಪಿಗೆ ಮೇಲುಗಡೆ ಟ್ಯಾಂಕಿನ ಪಕ್ಕ ಒಂದು ಚೇಂಬರ್ ಇದೆ. ಅಲ್ಲಿಂದ ಇಳಿಯುತ್ತವೆ, ಇಲ್ಲಿಂದ ಹೊರಡುತ್ತವೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಇದ್ದ ಹಾಗೆ.

ಬರೆದುಕೊಟ್ಟೆ: “ಪ್ರಾಣಿಗಳು ಮೇಲಿನ ಚೇಂಬರಿನಿಂದ ಒಳಗೆ ಬರುತ್ತವೆ. ಬೆಳಿಗ್ಗೆ ಮೂರೂ ಹೊರಟ ಮೇಲೆ ಕೆಳಗಿನ ಬಾಯಿ ಮುಚ್ಚಿದರೆ ಅವುಗಳಿಗೆ ತೊಂದರೆ ಇಲ್ಲ.” ಸಹಿ, ದಿನಾಂಕ, ಸೀಲು.

ಎಂಜಿನಿಯರ್ ಓದಿ ಖುಷಿಪಟ್ಟರು. ಗಾರೆ ಮೇಸ್ತ್ರಿಗೆ ಹೇಳಿದ್ದಾರೆ. ಹದಿನೈದನೇ ತಾರೀಕು, ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ.

ಸ್ವಲ್ಪ ಜಂಬ ಬಂದಿದೆ ನನಗೆ. ಅಕ್ಕನಿಗೆ ಎರಡು ಸಲ ಹೇಳಿದೆ.

ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ 12.30

ಅಕ್ಷರ ಸೊಟ್ಟಗೆ ಬರುತ್ತಿದೆ.

ಟ್ಯಾಂಕಿನ ಮಟ್ಟ ನೋಡಲು ಮೇಲೆ ಹೋಗಿದ್ದೆ. ಹೇಗೂ ಬಂದೆನಲ್ಲ, ನೀರುನಾಯಿಗಳ ಹೆಬ್ಬಾಗಿಲು ನೋಡೋಣ ಅಂತ ಚೇಂಬರಿನ ಕಡೆ ಹೋದೆ. ಕಬ್ಬಿಣದ ಮುಚ್ಚಳ. ಸುತ್ತ ತುಕ್ಕು ಹಿಡಿದು ಚೌಕಟ್ಟಿಗೆ ಅಂಟಿಕೊಂಡಿದೆ. ಮೇಲೆ ಜೇಡರ ಬಲೆ, ಒಂದು ಎಳೆಯೂ ಹರಿದಿಲ್ಲ. ಮೂಲೆಯಲ್ಲಿ ಇರುವೆ ಗೂಡು. ಹಾರೆ ಹಾಕಿ ಮೀಟಿದೆ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇಲ್ಲಿಂದ ಇಲಿಮರಿಯೂ ಒಳಗೆ ಹೋಗಿಲ್ಲ.

ಹಾಗಾದರೆ ಇರುವುದು ಒಂದೇ ಬಾಗಿಲು.

ಓಡಿ ಕೆಳಗೆ ಬಂದೆ. ಪೈಪಿನ ಬಾಯಿಗೆ ಕಿವಿ ಕೊಟ್ಟು ಕೂತೆ. ದೊಡ್ಡವು ಮೂರೂ ಕೆರೆಯ ಆಚೆ ದಡದಲ್ಲಿದ್ದವು, ನನ್ನ ಕಣ್ಣಿಗೇ ಕಾಣುತ್ತಿತ್ತು. ಆದರೂ ಒಳಗಿನಿಂದ ಸದ್ದು ಬಂತು. ಸಣ್ಣದು. ಕುಂಯ್… ಕುಂಯ್… ಒಂದಲ್ಲ, ಎರಡು ಮೂರು ದನಿ.

ಮರಿಗಳು.

ತಾಯಿ ಹೊರಗಿರುವಾಗ ಗೋಡೆ ಕಟ್ಟಿ ಅಂತ ನಾನೇ ಬರೆದುಕೊಟ್ಟಿದ್ದೇನೆ. ಸೀಲು ಹೊಡೆದು.

ಸಂಜೆ 6.00

ಎಂಜಿನಿಯರ್‌ಗೆ ಫೋನ್ ಮಾಡಿದೆ.

“ಸರ್, ನನ್ನ ರಿಪೋರ್ಟ್ ತಪ್ಪು.”

“ಫೋಟೋ ಇದೆಯಾ ಮೇಡಂ? ಆ ಬಾಯಿಂದಲೇ ಒಳಗೆ ಹೋಗೋದು?”

“ಇಲ್ಲ ಸರ್. ಸದ್ದು ಕೇಳಿದೆ.”

“ನಿಮ್ಮ ರಿಪೋರ್ಟ್ ಮೇಲೆ ಮೇಲಿನವರೂ ಸಹಿ ಹಾಕಿ ಆಗಿದೆ. ಸದ್ದು ಅಂದ್ರೆ ಹಕ್ಕಿ ಅಂತಾರೆ, ಕಪ್ಪೆ ಅಂತಾರೆ. ಒಂದು ಫೋಟೋ ತನ್ನಿ. ಒಂದೇ ಒಂದು. ನಾನೇ ನಿಂತು ಕೆಲಸ ನಿಲ್ಲಿಸ್ತೀನಿ.”

ನಾಲ್ಕು ದಿನ ಇದೆ. ಈ ಹಾಳು ಕ್ಯಾಮೆರಾ ಕೆಟ್ಟಿದೆ, ಇನ್ನೇನು?

ಫೆಬ್ರವರಿ 12, ಬುಧವಾರ

ಕೆಟ್ಟಿಲ್ಲ. ಅದೇ ತೊಂದರೆ.

ಬೆಳಿಗ್ಗೆ ಅಲ್ಲೇ ಕೂತು ಕಣ್ಣಾರೆ ನೋಡೋಣ ಅಂತ ಹೋದೆ. ನನ್ನ ವಾಸನೆಗೋ ಏನೋ, ಎಂಟರವರೆಗೂ ಒಂದೂ ಹೊರಗೆ ತಲೆ ಹಾಕಲಿಲ್ಲ. ಒಳಗೆ ಮರಿ ಹಸಿದಿರಬಹುದು, ನನ್ನಿಂದ ಇನ್ನಷ್ಟು ತೊಂದರೆ ಬೇಡ ಅಂತ ಎದ್ದು ಬಂದೆ.

ಆಮೇಲೆ ಕ್ಯಾಮೆರಾ ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡೆ. ಸೆಲ್ಲು ಬದಲಿಸಿದೆ. ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಗಾಜು ಒರೆಸಿದೆ. ಸೆನ್ಸಿಟಿವಿಟಿ ‘ಹೈ’ಗೆ ಇಟ್ಟೆ. ಟೆಸ್ಟ್ ಮೋಡಿನಲ್ಲಿ ಕೆಂಪು ದೀಪ ಮಿನುಗುತ್ತದೆ, ಅಂದರೆ ‘ಕಂಡಿತು’ ಅಂತ ಅರ್ಥ. ಪೈಪಿನ ಹತ್ತಿರ ಕಟ್ಟಿ ಎಡದಿಂದ ಬಲಕ್ಕೆ ನಡೆದೆ, ದೀಪ. ಬಲದಿಂದ ಎಡಕ್ಕೆ, ದೀಪ. ಕೆರೆ ಕಡೆಯಿಂದ ಪೈಪಿನ ಕಡೆಗೆ ಮೊಣಕಾಲಲ್ಲಿ ತೆವಳಿದೆ, ದೀಪ! ರೇಡಿಯೋ ದೂರದಿಂದ ನೋಡುತ್ತಾ ನಿಂತಿದ್ದ. ಇವತ್ತು ಊರಿಗೆಲ್ಲ ಸುದ್ದಿ.

ಹೋಗುವವರೂ ಕಾಣುತ್ತಾರೆ, ಬರುವವರೂ ಕಾಣುತ್ತಾರೆ. ನೀರುನಾಯಿ ಮಾತ್ರ ಬರುವಾಗ ಕಾಣುವುದಿಲ್ಲ. ತಲೆಬುಡ ಅರ್ಥವಾಗುತ್ತಿಲ್ಲ.

ರಾತ್ರಿ ಊಟಕ್ಕೆ ಮುಂಚೆ

ಅಕ್ಕ ಡ್ಯೂಟಿ ಮುಗಿಸಿ ಬಂದಳು. ಹೆರಿಗೆ ವಾರ್ಡಿನಲ್ಲಿ ನರ್ಸ್, ಇವತ್ತು ಒಂದೇ ಪಾಳಿಯಲ್ಲಿ ಐದು ಹೆರಿಗೆ. ಕಾಲು ಚಾಚಿ ಕೂತು ದಿನಾ ಹೇಳುವ ಹಾಗೆ ಹೇಳುತ್ತಿದ್ದಳು. ನಾನು ಅರ್ಧ ಕಿವಿಯಲ್ಲಿ ಕೇಳುತ್ತಾ ಮ್ಯಾನುಯಲ್ ಓದುತ್ತಿದ್ದೆ.

“ಹೊಸ ಹುಡುಗಿ ಒಬ್ಬಳು ಬಂದಿದ್ದಾಳೆ ಕಣೇ. ಮಗು ಹುಟ್ಟಿದ ತಕ್ಷಣ ತೂಕ ಹಾಕೋಕೆ ಹೋದ್ಲು. ಬೈದೆ. ಮೊದಲು ಒರೆಸಬೇಕು! ಒದ್ದೆ ಮಗು ನೋಡ್ತಾ ನೋಡ್ತಾ ತಣ್ಣಗಾಗಿಬಿಡುತ್ತೆ. ಒಳಗೆ ಬಿಸಿ ಇರುತ್ತೆ, ಮೈ ಮುಟ್ಟಿದ್ರೆ ತಣ್ಣಗೆ.”

“ಏನಂದೆ?”

“ಒರೆಸಬೇಕು ಅಂದೆ.”

“ಅದಲ್ಲ. ಆಮೇಲಿಂದು.”

“ಮೈ ಮುಟ್ಟಿದ್ರೆ ತಣ್ಣಗೆ. ಯಾಕೆ? ಏನಾಯ್ತೇ ನಿನಗೆ?”

ಮ್ಯಾನುಯಲ್ಲಿನ ಮೂರನೇ ಪುಟ, ಎಂಟು ಸಲ ಓದಿದ್ದ ಸಾಲು: ಸೆನ್ಸರ್ ಚಲಿಸುವ ಶಾಖವನ್ನು ಗುರುತಿಸುತ್ತದೆ.

ಶಾಖವನ್ನು. ಪ್ರಾಣಿಯನ್ನಲ್ಲ.

ಒಣಗಿದ ಮೈಯಲ್ಲಿ, ಬೆಚ್ಚಗೆ ಹೊರಡುತ್ತವೆ. ಒದ್ದೆ ಮೈಯಲ್ಲಿ, ಕೆರೆಯಷ್ಟೇ ತಣ್ಣಗೆ ವಾಪಸ್ ಬರುತ್ತವೆ. ಕೆರೆಯನ್ನೇ ಹೊದ್ದುಕೊಂಡು ಬರುತ್ತವೆ! ಕ್ಯಾಮೆರಾದ ಮುಂದೆಯೇ ನಡೆದು ಹೋಗುತ್ತವೆ. ಅದಕ್ಕೆ ಅಲ್ಲಿ ಬರೀ ಗಾಳಿ.

ಅಕ್ಕನನ್ನು ತಬ್ಬಿಕೊಂಡೆ. “ಹುಚ್ಚು ಹಿಡೀತು ಇವಳಿಗೆ,” ಅಂದಳು.

ಫೆಬ್ರವರಿ 13, ಗುರುವಾರ

ಪರೀಕ್ಷೆ. ಹಳೇ ಕಂಬಳಿಯನ್ನು ಕೆರೆಯಲ್ಲಿ ಅದ್ದಿ, ತಲೆಯಿಂದ ಕಾಲಿನವರೆಗೆ ಹೊದ್ದುಕೊಂಡೆ. ಮಣ ಭಾರ. ಹಲ್ಲು ಕಟಕಟ. ಕೆರೆ ಕಡೆಯಿಂದ ಪೈಪಿನ ಕಡೆಗೆ ತೆವಳಿದೆ. ಸಂದಿಯಿಂದ ದೀಪವನ್ನೇ ನೋಡುತ್ತಿದ್ದೆ.

ಇಲ್ಲ.

ಕ್ಯಾಮೆರಾದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಇಷ್ಟು ದಪ್ಪ ಹೆಂಗಸು ತೆವಳುತ್ತಿದ್ದೇನೆ. ಅದರ ಪಾಲಿಗೆ ನಾನಿಲ್ಲ. ಕಂಬಳಿಯಿಂದ ಒಂದು ಕೈ ಹೊರಗೆ ಹಾಕಿದೆ. ಟಕ್, ದೀಪ. ಒಳಗೆ ಎಳೆದುಕೊಂಡೆ, ಮತ್ತೆ ನಾನಿಲ್ಲ. ಚಿಕ್ಕ ಮಗುವಿನ ಹಾಗೆ ನಾಲ್ಕೈದು ಸಲ ಆಡಿದೆ. ನಗು, ಅಳು ಎರಡೂ ಬಂತು.

“ಮೇಡಂ… ಡಾಕ್ಟರಿಗೆ ಫೋನ್ ಮಾಡ್ಲಾ?” ರೇಡಿಯೋ. ಮೊದಲ ಸಲ ಅವನ ದನಿ ಇಷ್ಟು ಮೆತ್ತಗಿತ್ತು.

ಟೈಮ್-ಲ್ಯಾಪ್ಸ್ ಮೋಡಿಗೆ ಇಟ್ಟೆ. ಬೆಳಿಗ್ಗೆ ಆರರಿಂದ, ಐದು ಸೆಕೆಂಡಿಗೆ ಒಂದು ಫೋಟೋ. ಬಿಸಿಯೋ ತಣ್ಣಗೋ, ಇದ್ದರೂ ಇಲ್ಲದಿದ್ದರೂ ತೆಗೆಯುತ್ತಲೇ ಇರು ಅಂತ.

ಫೆಬ್ರವರಿ 14, ಶುಕ್ರವಾರ

ಸೆಲ್ಲು ಸತ್ತಿದೆ. ಒಂಬೈನೂರ ನಾಲ್ಕನೇ ಫೋಟೋಗೆ ನಿಂತಿದೆ, 7.15ಕ್ಕೆ. ಮೂರೂ ಹೊರಟದ್ದು ಇದೆ, ಬಂದದ್ದಿಲ್ಲ. ನಿನ್ನೆ ಆ ದೀಪದ ಜೊತೆ ಆಟ ಆಡಿದ್ದಕ್ಕೆ ಖರ್ಚಾಗಿರಬೇಕು. ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ಎಂಟು ಸೆಲ್ಲು ಬೇಕು. ಅಂಗಡಿಯಲ್ಲಿ ಸಿಕ್ಕಿದ್ದು ನಾಲ್ಕು. ಮಿಕ್ಕಿದ್ದಕ್ಕೆ ಟಿವಿ ರಿಮೋಟು, ಅಕ್ಕನ ಬಿಪಿ ಮೆಷಿನ್ನು, ಎಲ್ಲಕ್ಕೂ ಕೈ ಹಾಕಿದೆ. ಅವುಗಳಲ್ಲಿದ್ದದ್ದು ಹೋದ ವಾರ ಹಾಕಿದ ಹೊಸ ಸೆಲ್ಲುಗಳು, ಪುಣ್ಯ.

“ನನ್ನ ಬಿಪಿ ನೋಡೋ ಮೆಷಿನ್ ಕಿತ್ಕೊಂಡು ನನ್ನ ಬಿಪಿ ಏರಿಸ್ತೀಯಲ್ಲೇ!”

ಆದರೆ ಕೊನೇ ಸೆಲ್ಲನ್ನು ತಾನೇ ತೆಗೆದುಕೊಟ್ಟಳು. “ಎಷ್ಟು ಮರಿ ಇರಬಹುದು?” ಅಂತ ಕೇಳಿದಳು. ಗೊತ್ತಿಲ್ಲ ಅಂದೆ.

ಪೈಪಿನ ಪಕ್ಕ ಆಗಲೇ ಮರಳು, ಇಟ್ಟಿಗೆ ಬಂದು ಬಿದ್ದಿದೆ. ನಾಳೆ ಒಂಬತ್ತಕ್ಕೆ.

ಫೆಬ್ರವರಿ 15, ಶನಿವಾರ. ರಾತ್ರಿ ಪಾಳಿಯವರು ಬಂದ ಮೇಲೆ

ಕ್ರಮವಾಗಿ ಬರೆಯುತ್ತೇನೆ. ಮರೆಯಬಾರದು.

8.15ಕ್ಕೆ ಕಾರ್ಡ್ ತೆಗೆದೆ. ಪಂಪ್‌ಹೌಸಿನ ಕಂಪ್ಯೂಟರಿಗೆ ಹಾಕಿದೆ. 6.22ಕ್ಕೆ ಮೂರು ಹೊರಟವು. ಆಮೇಲೆ ಖಾಲಿ ಸಿಮೆಂಟು. ಖಾಲಿ. ಖಾಲಿ. ಬೆರಳು ನೋಯುವವರೆಗೆ ಒತ್ತಿದೆ. ಹೊರಗೆ ಮೇಸ್ತ್ರಿಯ ಗಾಡಿ ಬಂದ ಸದ್ದು. ಮತ್ತೆ ಖಾಲಿ.

1312ನೇ ಫೋಟೋ. 7.49.

ನೀರಿನಿಂದ ಎದ್ದ ತಾಯಿ. ಮೈಯಿಂದ ನೀರು ಸುರಿಯುತ್ತಿದೆ, ಕೂದಲು ಚೂಪು ಚೂಪಾಗಿ ನಿಂತಿದೆ. ಬಾಯಲ್ಲಿ ಅಡ್ಡಲಾಗಿ ಮೀನು. ಮುಖ ಪೈಪಿನ ಕಡೆಗೆ. 1313ರಲ್ಲಿ ಅರ್ಧ ಒಳಗೆ. 1314ರಲ್ಲಿ ಬಾಲ ಮಾತ್ರ. 1315ರಲ್ಲಿ ಒದ್ದೆ ಗುರುತು. ಅಷ್ಟೇ.

ಎಷ್ಟು ದಿನದಿಂದ ಈ ತಾಯಿ ಹೀಗೆ ನಡೆದು ಹೋಗಿದ್ದಾಳೆ, ನಾನು ಪ್ರತಿ ದಿನ ‘ಇಲ್ಲ’ ಅಂತ ಬರೆದಿದ್ದೇನೆ.

ಎಂಜಿನಿಯರ್ ಬಂದು ನಿಂತೇ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ನಾಲ್ಕೂ ಫೋಟೋ ಹಿಂದೆ ಮುಂದೆ, ಹಿಂದೆ ಮುಂದೆ. ಕನ್ನಡಕ ತೆಗೆದು ಒರೆಸಿಕೊಂಡರು. ಕಿಟಕಿಯಿಂದ ಕೂಗಿದರು:

“ಮೇಸ್ತ್ರಿ, ಕಲಸಬೇಡಿ!”

ಗೋಡೆಯನ್ನು ಪೈಪಿನ ಇನ್ನೊಂದು ತುದಿಯಲ್ಲಿ, ಟ್ಯಾಂಕಿನ ಕಡೆ ಕಟ್ಟುವುದಂತೆ, ಅದೂ ಮರಿ ದೊಡ್ಡವಾದ ಮೇಲೆ. ಈ ಬಾಯಿ ಮುಟ್ಟುವುದಿಲ್ಲ. ಇಟ್ಟಿಗೆಯನ್ನು ಮೇಸ್ತ್ರಿ ಸದ್ದಾಗದ ಹಾಗೆ ಒಂದೊಂದೇ ಗಾಡಿಗೆ ಏರಿಸಿದ. ಅವನಿಗೆ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ರಿಜಿಸ್ಟರ್ ಅಳಿಸುವ ಹಾಗಿಲ್ಲ. ತಪ್ಪಿದರೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಮಾಡಬೇಕು. ತಪ್ಪು ಏನು ಅಂತ ಕೆಳಗೆ ಕಾಣುತ್ತಲೇ ಇರಬೇಕು. ರಿಪೋರ್ಟಿನ ಮೇಲೆ ಗೆರೆ ಹೊಡೆದೆ. ‘ಒಳಗೆ’ ಕಾಲಂ ಅಡಿ ಆರು ದಿನದ ಆರು ‘ಇಲ್ಲ’ಗಳಿಗೂ ಗೆರೆ ಹೊಡೆದೆ. ಪಕ್ಕದಲ್ಲಿ ಬರೆದೆ: “ಬಂದಿವೆ. ಕಾಣಲಿಲ್ಲ.”

ಮಾರ್ಚ್ 16, ಭಾನುವಾರ. ಸಂಜೆ 5.20

ರಜೆ. ಪೈಪಿನ ಬಾಯಿ ಕಾಣುವ ವಾಲ್ವ್ ರೂಮಿನ ಕಿಟಕಿಯಲ್ಲಿ ಕೂತಿದ್ದೇನೆ. ಒಂದು ತಿಂಗಳಿಂದ ದಿನಾ ಇಲ್ಲೇ. ಅವಕ್ಕೆ ನನ್ನ ವಾಸನೆ ಅಭ್ಯಾಸವಾಗಿದೆ. ಕ್ಯಾಮೆರಾವನ್ನು ಬೇಕೆಂದೇ ಟೆಸ್ಟ್ ಮೋಡಿನಲ್ಲಿ ಇಟ್ಟಿದ್ದೇನೆ, ದೀಪ ನೋಡೋಣ ಅಂತ. ನೋಡುತ್ತಾ ಬರೆಯುತ್ತೇನೆ.

5.31 – ದೀಪ. ತಾಯಿ ಹೊರಗೆ. ಬಾಯಲ್ಲಿ… ಅಯ್ಯೋ! ಕತ್ತು ಹಿಡಿದು ಒಂದು ಮರಿ! ದೀಪ. ಇನ್ನೊಂದು ಮರಿಯನ್ನು ದೊಡ್ಡದೊಂದು ಮೂಗಿನಿಂದ ತಳ್ಳುತ್ತಿದೆ. ದೀಪ, ದೀಪ. ಒಣ ಮರಿಗಳು, ಬೆಚ್ಚಗೆ, ಉಂಡೆ ಉಂಡೆಯಾಗಿ. ಒಂದು ಹೆದರಿ ಹಿಂದಕ್ಕೆ ಓಡಿತು. ತಾಯಿ ಎಳೆದುಕೊಂಡು ನೀರಿಗೆ ಬಿಟ್ಟಳು.

ಮೊದಲ ಈಜು ಇರಬೇಕು. ಮುಳುಗುತ್ತವೆ. ಬೆಂಡಿನ ಹಾಗೆ ಮೇಲೆ ಬರುತ್ತವೆ. ಕಿರುಚಾಟ. ನನಗೆ ಕಣ್ಣು ಮಂಜು ಮಂಜು.

5.52 – ವಾಪಸ್ ಬರುತ್ತಿವೆ. ದೀಪ ಇಲ್ಲ. ನೀರು ಸುರಿಸುತ್ತಾ ಕ್ಯಾಮೆರಾದ ಎದುರಿಗೇ ಹೋಗುತ್ತಿವೆ, ದೀಪ ಇಲ್ಲ. ಅದಕ್ಕೆ ಗೊತ್ತೇ ಆಗಲಿಲ್ಲ. ಪಾಪ, ಅದರ ತಪ್ಪಲ್ಲ.

ನಾನೇ ಬರೆಯುತ್ತೇನೆ. ಒಳಗೆ: ದೊಡ್ಡವು ಮೂರು. ಮರಿ ಒಂದು. ಎರಡು. ಮೂರು. ಅಷ್ಟೇ ಅಂದುಕೊಂಡಿದ್ದೆ. ಇಲ್ಲ, ಇನ್ನೊಂದಿದೆ. ಎಲ್ಲಕ್ಕಿಂತ ಸಣ್ಣದು. ಒದ್ದೆ ಮುದ್ದೆ. ಪೈಪಿನ ಬಾಯಲ್ಲಿ ನಿಂತುಬಿಟ್ಟಿದೆ. ಕತ್ತು ಎತ್ತಿ ನನ್ನ ಕಿಟಕಿಯನ್ನೇ ನೋಡುತ್ತಿದೆ.